ಮೂವತ್ತು ಸೆಕೆಂಡಿನ ಸಂಸಾರ: ಟಿವಿ ಜಾಹೀರಾತಿನ ಕುಟುಂಬವನ್ನು ಓದೋದು ಹೇಗೆ?

ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಪತ್ರಿಕೋದ್ಯಮ ಓದುವ ಮಕ್ಕಳು ಕೇಳುತ್ತಾರೆ: 'ಕುಟುಂಬದ ಜಾಹೀರಾತಿನ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ನೋಡುಗರ ಅಭಿಪ್ರಾಯ ಹೇಗೆ ಕೇಳೋದು?' ಗೃಹಿಣಿಯರು ಕೇಳುತ್ತಾರೆ: 'ಆ ಜಾಹೀರಾತು ಬಂದರೆ ನನಗೆ ಮೈ ಉರಿಯುತ್ತೆ, ನಮ್ಮ ಅತ್ತೆಗೆ ಕಣ್ಣಲ್ಲಿ ನೀರು ಬರುತ್ತೆ. ಯಾರಿಗೆ ಸರಿಯಾಗಿ ಅರ್ಥವಾಗಿದೆ?' ಇನ್ನು ಕೆಲವರದು ನೇರ ಪ್ರಶ್ನೆ: 'ದೂರು ಎಲ್ಲಿ ಕೊಡಬೇಕು?'

ಮೂರಕ್ಕೂ ಉತ್ತರ ಒಂದೇ ಜಾಗದಿಂದ ಶುರುವಾಗುತ್ತದೆ. ಜಾಹೀರಾತಿನವರು ತೋರಿಸೋದು ಅರ್ಧ ಸಂಸಾರ. ಉಳಿದರ್ಧವನ್ನು ನಾವು ನಮ್ಮ ಮನೆಯಿಂದ ತಂದು ತುಂಬುತ್ತೇವೆ. ಅವರು ತೋರಿಸಿದ್ದು ಎಷ್ಟು, ನಾವು ತುಂಬಿದ್ದು ಎಷ್ಟು ಅಂತ ಬಿಡಿಸಿಕೊಳ್ಳದೆ ಹೋದರೆ ಪ್ರಾಜೆಕ್ಟೂ ಕೆಡುತ್ತದೆ, ದೂರೂ ಬಿದ್ದುಹೋಗುತ್ತದೆ, ಮನೆಯಲ್ಲಿ ಜಗಳ ಬೇರೆ. ಬಿಡಿಸಿಕೊಳ್ಳುವ ದಾರಿ ಕೆಳಗಿದೆ.

ಏನೇನು ಬೇಕು?

ಒಂದು ನೋಟ್‌ಬುಕ್, ಪೆನ್ನು, ಜಾಹೀರಾತನ್ನು ನಿಲ್ಲಿಸಿ ನಿಲ್ಲಿಸಿ ನೋಡಲು ಒಂದು ಫೋನು. ಹೆಚ್ಚಿನ ಕಂಪನಿಗಳು ತಮ್ಮ ಜಾಹೀರಾತನ್ನು ಯೂಟ್ಯೂಬ್‌ನಲ್ಲೂ ಹಾಕಿರುತ್ತವೆ. ಟಿವಿಯಲ್ಲೇ ಹಿಡಿಯಬೇಕೆಂದರೆ ಸಂಜೆಯ ಧಾರಾವಾಹಿ ಹೊತ್ತು ಒಳ್ಳೆಯದು. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಅದರಲ್ಲಿ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಒಂದು ಸಂಜೆ ಕೂತರೆ ಬೇಕಾದಷ್ಟು ಸಿಗುತ್ತದೆ.

ಜತೆಗೆ ನಾಲ್ಕೈದು ಜನ ಬೇಕು. ಒಂದೇ ವಯಸ್ಸಿನವರು ಬೇಡ. ಅಜ್ಜಿ, ಹೊಸದಾಗಿ ಮದುವೆಯಾದವರು, ಹೈಸ್ಕೂಲ್ ಹುಡುಗ, ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ ಗೆಳೆಯ, ಹೀಗೆ. ಅದೇ ಜಾಹೀರಾತು ಪ್ರತಿಯೊಬ್ಬರ ಹತ್ತಿರವೂ ಬೇರೆಯೇ ಆಗಿಬಿಡುತ್ತದೆ.

1. ಜಾಹೀರಾತು ಆರಿಸಿ

ತೆರೆಯ ಮೇಲೆ ಗಂಡ, ಹೆಂಡತಿ, ಮಗು ಇದ್ದ ಮಾತ್ರಕ್ಕೆ ಅದು ಕುಟುಂಬದ ಜಾಹೀರಾತಲ್ಲ. ಒಂದು ಸುಲಭ ಪರೀಕ್ಷೆ ಇದೆ. ಮಾರುತ್ತಿರುವ ವಸ್ತುವನ್ನು ಮನಸ್ಸಿನಲ್ಲೇ ತೆಗೆದುಹಾಕಿ. ಆಮೇಲೂ ಒಂದು ಕಥೆ ಉಳಿಯಿತೇ? ಹಾಗಾದರೆ ಅದನ್ನು ಇಟ್ಟುಕೊಳ್ಳಿ. ಉಳಿಯದಿದ್ದರೆ ಬಿಡಿ.

ನಿಮಗೆ ಮೊದಲೇ ಸಿಟ್ಟು ತರಿಸಿದ ಜಾಹೀರಾತಿನಿಂದ ಶುರುಮಾಡಬೇಡಿ. ಹೊಸಬರು ಮಾಡುವ ಮೊದಲ ತಪ್ಪೇ ಇದು. ತೀರ್ಪು ಬರೆದಿಟ್ಟುಕೊಂಡು ಸಾಕ್ಷಿ ಹುಡುಕಿದ ಹಾಗಾಗುತ್ತದೆ.

2. ಮೂರು ಸಲ ನೋಡಿ

ಮೊದಲ ಸಲ ಸುಮ್ನೆ ನೋಡಿ. ಮುಗಿದ ತಕ್ಷಣ ಅನಿಸಿದ್ದನ್ನು ಒಂದೇ ಪದದಲ್ಲಿ ಬರೆಯಿರಿ. 'ಪಾಪ', 'ಓವರ್ ಆಯ್ತು', 'ನಮ್ಮಪ್ಪ' — ಏನಾದರೂ ಸರಿ. ಆಮೇಲೆ ತಿದ್ದಬೇಡಿ.

ಎರಡನೇ ಸಲ ದನಿ ಪೂರ್ತಿ ಮ್ಯೂಟ್ ಮಾಡಿ. ಮುಖ ನೋಡಬೇಡಿ, ಕೈ ನೋಡಿ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ? ಸೌಟು ಯಾರ ಕೈಯಲ್ಲಿದೆ, ರಿಮೋಟ್ ಯಾರ ಕೈಯಲ್ಲಿದೆ? ಊಟಕ್ಕೆ ಕೊನೆಗೆ ಕೂತವರು ಯಾರು, ಅಥವಾ ಕೂರಲೇ ಇಲ್ಲವೇ? ಆಮೇಲೆ ಮನೆ ನೋಡಿ. ನಮ್ಮ ಸಂಬಂಧಿಕರ ಪೈಕಿ ಒಬ್ಬ ಅಜ್ಜಿ ಅಡುಗೆ ಎಣ್ಣೆಯ ಜಾಹೀರಾತೊಂದನ್ನು ಹೀಗೆ ಮ್ಯೂಟ್ ಮಾಡಿ ನೋಡಿದವರು ಹೇಳಿದ ಮೊದಲ ಮಾತು: 'ಪೂರಿ ಕರಿದ ಮೇಲೂ ಕಟ್ಟೆ ಮೇಲೆ ಒಂದು ಹನಿ ಎಣ್ಣೆ ಇಲ್ಲ. ಸಿಲಿಂಡರ್ ಎಲ್ಲಿಟ್ಟಿದಾರೆ ಇವ್ರು?' ದನಿ ಇದ್ದಾಗ ಅವರೂ ಇದನ್ನು ಗಮನಿಸಿರಲಿಲ್ಲ. ಸಂಗೀತ ಅವರ ಕಣ್ಣನ್ನು ಮಗುವಿನ ಮುಖದ ಮೇಲೆ ಹಿಡಿದಿಟ್ಟಿತ್ತು.

ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಕಥೆ ಮುಗಿದ ಮೇಲೆ ವಸ್ತುವಿನ ಗುಣ ಹೇಳುವ ದನಿ ಬರುತ್ತದಲ್ಲ, ಅದಕ್ಕೆ ವಾಯ್ಸ್ ಓವರ್ ಅನ್ನುತ್ತಾರೆ. ಮಾತಾಡುವವರು ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಅದು ಗಂಡಸಿನದೋ ಹೆಂಗಸಿನದೋ ಬರೆದುಕೊಳ್ಳಿ. ಪೂರ್ತಿ ಅಮ್ಮನ ಕಥೆ ಹೇಳಿ, ಕೊನೆಗೆ ಆ ಸೋಪು ಯಾಕೆ ಒಳ್ಳೆಯದು ಅಂತ ಬುದ್ಧಿ ಹೇಳೋಕೆ ಒಬ್ಬ ಗಂಡಸು ಬಂದರೆ ಅದು ಬರೆದಿಡಬೇಕಾದ ವಿಷಯವೇ.

3. 'ಕಂಡದ್ದು', 'ತುಂಬಿದ್ದು'

ಇದು ಮುಖ್ಯ ಹಂತ, ಅವಸರ ಮಾಡಬೇಡಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ 'ಕಂಡದ್ದು', ಬಲಕ್ಕೆ 'ತುಂಬಿದ್ದು'. ಕ್ಯಾಮೆರಾ ತೋರಿಸಿದ್ದು ಮಾತ್ರ ಎಡಕ್ಕೆ. ನೀವು ಊಹಿಸಿದ್ದೆಲ್ಲ ಬಲಕ್ಕೆ.

ಸಣ್ಣ ಉದಾಹರಣೆ ಸಂತೂರ್ ಸೋಪಿನದು. ಇದನ್ನು ಮಾರುವ ವಿಪ್ರೋ ನಮ್ಮ ಬೆಂಗಳೂರಿನದೇ. ವರ್ಷಗಳಿಂದ ಕಥೆ ಒಂದೇ: ಚೆಂದದ ಹುಡುಗಿ, ಸುತ್ತ ಇರುವವರು ಬೆರಗಾಗಿ ನೋಡುತ್ತಾರೆ, ಆಗ ಒಂದು ಮಗು 'ಮಮ್ಮಿ' ಅಂತ ಓಡಿ ಬರುತ್ತದೆ. ಎಡ ಕಾಲಂನಲ್ಲಿ ಇಷ್ಟೇ. ಆದರೆ ಆ ಆಶ್ಚರ್ಯ ಎಲ್ಲಿಂದ ಬಂತು? 'ತಾಯಿ ಅಂದಮೇಲೆ ಹೀಗೆ ಕಾಣೋ ಹಾಗಿಲ್ಲ' ಅನ್ನೋದು ನಮ್ಮ ತಲೆಯಲ್ಲಿ ಮೊದಲೇ ಇದ್ದರೆ ತಾನೇ ಅಚ್ಚರಿ? ಆ ಮಾತನ್ನು ತೆರೆಯ ಮೇಲೆ ಯಾರೂ ಹೇಳುವುದಿಲ್ಲ. ಅದನ್ನು ತುಂಬುವ ಕೆಲಸ ನಮ್ಮದು.

ದೊಡ್ಡ ಉದಾಹರಣೆ 2014ರ ಏರ್‌ಟೆಲ್ ಜಾಹೀರಾತು. ತುಂಬಾ ಜಗಳಕ್ಕೆ ಕಾರಣವಾಗಿದ್ದು, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ಆಫೀಸಿನಲ್ಲಿ ಒಬ್ಬ ಮಹಿಳಾ ಬಾಸ್. ಕೈಕೆಳಗಿನವನಿಗೆ ಕೆಲಸ ವಹಿಸುತ್ತಾಳೆ. ಅವನು ಕಷ್ಟ ಅಂದರೂ ಬಿಡುವುದಿಲ್ಲ. ಸಂಜೆ ಅವಳು ಮನೆಗೆ ಹೊರಡುತ್ತಾಳೆ, ಅವನು ಆಫೀಸಿನಲ್ಲೇ ಉಳಿಯುತ್ತಾನೆ. ಮನೆಯಲ್ಲಿ ಅವಳು ಅಡುಗೆ ಮಾಡುತ್ತಾಳೆ. ವಿಡಿಯೋ ಕಾಲ್‌ನಲ್ಲಿ ಗಂಡನಿಗೆ ಅಡುಗೆ ತೋರಿಸಿ ಬೇಗ ಬಾ ಅನ್ನುತ್ತಾಳೆ. ಆ ಗಂಡ ಯಾರು ಅಂದರೆ, ಆಫೀಸಿನಲ್ಲಿ ಕೂತಿರುವ ಅದೇ ನೌಕರ.

ಈಗ ಬಲ ಕಾಲಂ. ದಿನಾ ಅವಳೇ ಅಡುಗೆ ಮಾಡುತ್ತಾಳಾ, ಅವತ್ತು ಮಾತ್ರವಾ? ಗೊತ್ತಿಲ್ಲ. ಅವಳಿಗೆ ಅಡುಗೆ ಇಷ್ಟವಾ? ಗೊತ್ತಿಲ್ಲ. ಅವನು ಮೊದಲು ಮನೆಗೆ ಬಂದ ದಿನ ಕುಕ್ಕರ್ ಇಡುವವರು ಯಾರು? ತೋರಿಸಿಲ್ಲ. ಊಟದ ಮೇಲೆ ಪಾತ್ರೆ ಯಾರು ತೊಳೆದರು? ಅದೂ ಇಲ್ಲ. ಮೆಚ್ಚಿದವರು ತುಂಬಿದ್ದು ಹೀಗೆ: 'ಹೆಂಡತಿ ಬಾಸ್ ಆದರೂ ಗಂಡನಿಗೆ ಕಿರಿಕಿರಿ ಇಲ್ಲ, ಕಾಲ ಬದಲಾಗಿದೆ.' ಸಿಟ್ಟಾದವರು ತುಂಬಿದ್ದು: 'ಬಾಸ್ ಆದರೂ ಒಲೆ ಮುಂದೆ ನಿಲ್ಲೋದು ತಪ್ಪಲಿಲ್ಲ.' ಈ ಸಿಟ್ಟಿಗೆ ಒಂದು ಪಾರಿಭಾಷಿಕ ಪದ ಇದೆ, 'ಎರಡನೇ ಪಾಳಿ'. ಸಂಬಳದ ಕೆಲಸ ಮುಗಿಸಿ ಬಂದು, ಸಂಬಳವಿಲ್ಲದ ಮನೆಗೆಲಸಕ್ಕೆ ನಿಲ್ಲೋದು ಅಂತ ಅರ್ಥ.

ಎರಡೂ ಗುಂಪು ನೋಡಿದ್ದು ಒಂದೇ ಜಾಹೀರಾತು. ಎಡ ಕಾಲಂ ಇಬ್ಬರದ್ದೂ ಒಂದೇ. ಹಾಗಾಗಿ 'ಯಾರಿಗೆ ಸರಿಯಾಗಿ ಅರ್ಥವಾಗಿದೆ' ಅಂತ ಕೇಳುವ ಬದಲು 'ಯಾರು ಏನು ತುಂಬಿದರು' ಅಂತ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಇನ್ನೊಂದು ಜೊತೆ ಕೈ ತೋರಿಸಿದ್ದರೆ ಅರ್ಧ ಜಗಳ ನಿಂತೇ ಹೋಗುತ್ತಿತ್ತು. ಆದರೆ ಜಗಳವೇ ಇಲ್ಲದಿದ್ದರೆ ಇಷ್ಟು ವರ್ಷ ಆದಮೇಲೆ ಅದನ್ನು ಯಾರು ನೆನೆಯುತ್ತಿದ್ದರು ಅನ್ನೋದೂ ಇದೆ.

4. ಬೇರೆಯವರನ್ನು ಕೇಳಿ

ಒಬ್ಬೊಬ್ಬರನ್ನೇ ಕೂರಿಸಿ ತೋರಿಸಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಮನೆಯ ಹಿರಿಯರು ಮೊದಲು ಹೇಳಿದ್ದೇ ಎಲ್ಲರ ಅಭಿಪ್ರಾಯವಾಗುತ್ತದೆ. ಸೊಸೆಯ ಉತ್ತರ ಅತ್ತೆಯ ಎದುರು ಒಂದು, ಅಡುಗೆಮನೆಯಲ್ಲಿ ಇನ್ನೊಂದು. ಇದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆಗಳ ಕ್ರಮ ಹೀಗಿರಲಿ. ಮೊದಲು, 'ಏನಾಯ್ತು ಅಂತ ಕಥೆ ಹೇಳಿ.' ಆಮೇಲೆ, 'ಇವರು ಮನೆಗೆ ಬಂದರೆ ನಿಮಗೆ ಖುಷಿಯಾಗುತ್ತಾ?' ಆಮೇಲೆ, 'ನಿಮ್ಮನೆಯಲ್ಲಾದರೆ ಇದು ಹೇಗೆ ನಡೀತಿತ್ತು?' ಕೊನೆಗೆ, 'ಏನು ಮಾರುತ್ತಿದ್ದರು?' ಈ ಕೊನೆಯ ಪ್ರಶ್ನೆಗೆ ಎಷ್ಟು ಜನ ತಡವರಿಸುತ್ತಾರೆ ನೋಡಿ. ಕಥೆ ನೆನಪಿರುತ್ತದೆ, ಬ್ರ್ಯಾಂಡ್ ಮರೆತಿರುತ್ತದೆ. ಕಂಪನಿಯವರಿಗೆ ಕೇಳಿದರೆ ಬೇಸರವಾಗುವ ಸಂಗತಿ, ನಿಮ್ಮ ಪ್ರಾಜೆಕ್ಟಿಗೆ ಮಾತ್ರ ಬಂಗಾರ.

ಎಚ್ಚರ: 'ಈ ಜಾಹೀರಾತಿನಲ್ಲಿ ಹೆಂಗಸರನ್ನು ಕೀಳಾಗಿ ತೋರಿಸಿದ್ದಾರೆ ಅನಿಸುತ್ತಾ?' ಅಂತ ಕೇಳಬೇಡಿ. ಉತ್ತರ ನೀವೇ ಬಾಯಿಗೆ ತುರುಕಿದ ಹಾಗೆ. ಇನ್ನೊಂದು: ಅವರು ಆಡಿದ ಮಾತನ್ನು ಹಾಗೇ ಬರೆಯಿರಿ. ಅಜ್ಜಿ 'ಆ ಹುಡುಗಿ ಬಿರುಸು' ಅಂದರೆ 'ನಾಯಕಿಯ ಸ್ವಭಾವ ಆಕ್ರಮಣಕಾರಿ' ಅಂತ ಬರೆದು ಕೆಡಿಸಬೇಡಿ. ಬಿರುಸು ಅನ್ನೋದರಲ್ಲಿ ಸ್ವಲ್ಪ ಮೆಚ್ಚುಗೆಯೂ ಇದೆ, ಅಲ್ವಾ?

5. ಉತ್ತರಗಳನ್ನು ವಿಂಗಡಿಸಿ

ಇಲ್ಲಿ ಸ್ವಲ್ಪ ಸಿದ್ಧಾಂತ. ಸ್ಟುವರ್ಟ್ ಹಾಲ್ ಎಂಬ ಬ್ರಿಟಿಷ್ ಚಿಂತಕ 1973ರಲ್ಲಿ, ಟಿವಿ ನೋಡುವವರು ಮೂರು ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ ಎಂದರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಭಾರಿ ಹೆಸರುಗಳಿವೆ. ನಮಗೆ ಮೂರು ಮಾತು ಸಾಕು: 'ಹೌದು', 'ಹೌದು, ಆದ್ರೆ', 'ಹೋಗ್ರೀ'.

2016ರ ಏರಿಯಲ್ ಸೋಪಿನ ಪುಡಿಯ ಜಾಹೀರಾತನ್ನು ಹಿಡಿದು ನೋಡಿ. ಅಪ್ಪ ಮಗಳ ಮನೆಗೆ ಬಂದಿದ್ದಾನೆ. ಮಗಳು ಆಫೀಸಿನ ಫೋನು, ಮಗು, ಅಡುಗೆ, ಬಟ್ಟೆ ಎಲ್ಲವನ್ನೂ ಒಬ್ಬಳೇ ನಿಭಾಯಿಸುತ್ತಿದ್ದಾಳೆ. ಅಳಿಯ ಟಿವಿ ಮುಂದೆ. ಅಪ್ಪ ಮಗಳಿಗೆ ಪತ್ರ ಬರೆದು ಕ್ಷಮೆ ಕೇಳುತ್ತಾನೆ, ನಾನೂ ನಿನ್ನಮ್ಮನಿಗೆ ಕೈಜೋಡಿಸಲಿಲ್ಲ ಅಂತ. ಊರಿಗೆ ಹೋಗಿ ತನ್ನ ಬಟ್ಟೆ ತಾನೇ ಮೆಷಿನ್‌ಗೆ ಹಾಕುತ್ತಾನೆ.

'ಹೌದು' ಗುಂಪಿನವರಿಗೆ ಕಣ್ಣು ಒದ್ದೆಯಾಗುತ್ತದೆ. 'ಹೋಗ್ರೀ' ಗುಂಪಿನವರು ಎರಡು ಕಡೆಯಿಂದಲೂ ಬರುತ್ತಾರೆ: 'ದುಡಿದು ಬಂದ ಗಂಡಸನ್ನು ವಿಲನ್ ಮಾಡ್ತಾರೆ' ಅನ್ನುವವರು ಒಂದು ಕಡೆ, 'ಸೋಪಿನ ಪುಡಿ ಮಾರೋಕೆ ಹೆಂಗಸರ ಕಷ್ಟ ಬೇಕಾಯ್ತಾ' ಅನ್ನುವವರು ಇನ್ನೊಂದು ಕಡೆ. ಇವರಿಬ್ಬರನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಒಪ್ಪದಿರುವುದು ಒಂದೇ ಇರಬಹುದು, ಕಾರಣ ಪೂರ್ತಿ ಬೇರೆ.

ಜಾಸ್ತಿ ಜನ ಸಿಗೋದು ನಡುವಿನ ಗುಂಪಿನಲ್ಲಿ. 'ಚೆನ್ನಾಗಿದೆ, ಆದ್ರೆ ಅಪ್ಪ ಒಂದು ದಿನ ಮೆಷಿನ್ ಹಾಕಿದ್ರೆ ಆಯ್ತಾ?' 'ಹೌದು, ಆದ್ರೆ ಅಳಿಯ ಆ ಪತ್ರ ಓದಿದ್ನಾ?' ಇಂಥ ಉತ್ತರಗಳನ್ನು ಪೂರ್ತಿ ಬರೆದುಕೊಳ್ಳಿ. ಐದಕ್ಕೆ ಮೂರು ಅಂಕ ಅಂತ ಸಂಖ್ಯೆಗೆ ಇಳಿಸಿದರೆ ಸತ್ವವೆಲ್ಲ ಸೋರಿಹೋಗುತ್ತದೆ.

6. ಡಬ್ಬಿಂಗ್ ಪದರ ಮರೆಯಬೇಡಿ

ಕನ್ನಡ ವಾಹಿನಿಯಲ್ಲಿ ನಾವು ನೋಡುವ ಎಷ್ಟೋ ಕುಟುಂಬಗಳು ಹಿಂದಿಯಲ್ಲಿ ಮಾತಾಡಿದವು. ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. ಹಿಂದಿ ಮಾತಿನ ಉದ್ದಕ್ಕೆ ಕನ್ನಡವನ್ನು ಕತ್ತರಿಸಿ ಹೊಲಿದ ಕಾರಣ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಬರುತ್ತದೆ. ನಾವು ರುಚಿ ಅನ್ನುತ್ತೇವೆ, ಅವರು ಸ್ವಾದ ಅನ್ನುತ್ತಾರೆ. ನಾವು 'ಮನೆಯವರು' ಅನ್ನುತ್ತೇವೆ, ಅವರದು 'ಪರಿವಾರ'. ಡಬ್ಬಿಯಲ್ಲಿ ಫುಲ್ಕಾ, ಬೈತಲೆ ತುಂಬ ಸಿಂಧೂರ, ಜರಡಿ ಹಿಡಿದು ಚಂದ್ರನನ್ನು ನೋಡುವ ಹೆಂಡತಿ. ಕರಿಮಣಿ, ಕಾಲುಂಗುರ, ಸಾರಿನ ಪಾತ್ರೆ ಹುಡುಕಿದರೂ ಇಲ್ಲ.

ಇದು ಬರೀ ಭಾಷೆಯ ಗೊಣಗಾಟ ಅಂದುಕೊಳ್ಳಬೇಡಿ. ನೋಡುಗರ ಪ್ರತಿಕ್ರಿಯೆಯೇ ಇದರಿಂದ ಬದಲಾಗುತ್ತದೆ. ಏರಿಯಲ್ ಜಾಹೀರಾತಿನಂಥದ್ದನ್ನು ತೋರಿಸಿ ಮನೆಯ ಗಂಡಸರನ್ನು ಕೇಳಿ ನೋಡಿ. 'ಅವರ ಕಡೆ ಹಾಗಿರಬಹುದು ಬಿಡಿ' ಅಂದರೆ ಆತ ಮೆಚ್ಚಿದ್ದೂ ಅಲ್ಲ, ತಿರಸ್ಕರಿಸಿದ್ದೂ ಅಲ್ಲ. ಕಥೆಯನ್ನು ಉತ್ತರ ಭಾರತಕ್ಕೆ ಕಳಿಸಿ ತಾನು ಆರಾಮಾಗಿ ಉಳಿದುಕೊಂಡ. ಡಬ್ಬಿಂಗ್ ಅವನಿಗೆ ಹಿಂಬಾಗಿಲು ತೆರೆದುಕೊಟ್ಟಿತು. ಇಂಥ ಉತ್ತರಕ್ಕೆ ನಾಲ್ಕನೇ ಡಬ್ಬಿ ಮಾಡಿ, 'ನಮ್ಮನೆ ಅಲ್ಲ' ಅಂತ ಹೆಸರು ಬರೆಯಿರಿ. ಸಾಧ್ಯವಾದರೆ ಕನ್ನಡದಲ್ಲೇ ಚಿತ್ರಿಸಿದ ಒಂದು ಜಾಹೀರಾತನ್ನೂ ಅದೇ ಜನರಿಗೆ ತೋರಿಸಿ. ಆಗ ಈ ಡಬ್ಬಿ ಎಷ್ಟು ಖಾಲಿಯಾಗುತ್ತದೆ ಅಂತ ಹೋಲಿಸಬಹುದು.

7. ಲೆಕ್ಕ ಇಡಿ

'ಇರೋದನ್ನೇ ತಾನೇ ತೋರಿಸಿದ್ದಾರೆ?' ಈ ವಾದ ಬಂದೇ ಬರುತ್ತದೆ. ಪೂರ್ತಿ ಸುಳ್ಳೂ ಅಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಈ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ.

ಜಾಹೀರಾತಿನ ಲೆಕ್ಕವೂ ಇದೆ. ಯುನಿಸೆಫ್ ಮತ್ತು ಮಾಧ್ಯಮಗಳಲ್ಲಿ ಹೆಣ್ಣು-ಗಂಡಿನ ಚಿತ್ರಣವನ್ನು ಅಧ್ಯಯನ ಮಾಡುವ ಅಮೆರಿಕದ ಗೀನಾ ಡೇವಿಸ್ ಸಂಸ್ಥೆ ಸೇರಿ ಭಾರತದ ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ಪರಿಶೀಲಿಸಿ 2021ರಲ್ಲಿ ವರದಿ ಕೊಟ್ಟವು. ತೆರೆಯ ಮೇಲಿನ ಹೆಣ್ಣು ಪಾತ್ರಗಳಲ್ಲಿ ತಾಯಿಯಾಗಿ ಕಂಡವರು ಶೇ. 18.7, ಗಂಡು ಪಾತ್ರಗಳಲ್ಲಿ ತಂದೆಯಾಗಿ ಕಂಡವರು ಶೇ. 5.9.

ನೀವೂ ಇಂಥದ್ದೇ ಒಂದು ಪುಟ್ಟ ಲೆಕ್ಕ ಮಾಡಬಹುದು. ಒಂದು ಸಂಜೆಯ ಜಾಹೀರಾತುಗಳಲ್ಲಿ ಬಡಿಸಿದವರು ಯಾರು, ಬಡಿಸಿಕೊಂಡವರು ಯಾರು, ಹಣದ ವಿಷಯ ಮಾತಾಡಿದವರು ಯಾರು? ವಿಮೆ, ಮನೆ ಸಾಲದ ಜಾಹೀರಾತಿನಲ್ಲಿ ಹೆಂಡತಿ ಬಾಯಿ ಬಿಟ್ಟರೆ ಒಂದು ಗೀಟು ಹಾಕಿ. ಹೆಚ್ಚು ಗೀಟು ಬೇಕಾಗಲಿಕ್ಕಿಲ್ಲ. ಆದರೆ ಒಂದು ಸಂಜೆಯ ಲೆಕ್ಕದಿಂದ 'ಕನ್ನಡ ಟಿವಿ ಹೀಗೇ' ಅಂತ ತೀರ್ಮಾನ ಬರೆಯಬೇಡಿ. ಯುಗಾದಿ, ದೀಪಾವಳಿ ಹೊತ್ತಲ್ಲಿ ಒಡವೆ, ಸೀರೆಯ ಜಾಹೀರಾತು ತುಂಬಿ ಲೆಕ್ಕವೇ ಬೇರೆಯಾಗುತ್ತದೆ.

8. ದೂರು ಕೊಡುವ ಮುನ್ನ

ಮೊದಲು ನಿಮ್ಮ ಬೇಸರ ಯಾವ ಜಾತಿಯದು ನೋಡಿ. ಸುಳ್ಳು ಹೇಳಿದ್ದಾರೆ ಅಂತಲಾ? ಚಿತ್ರಣ ಕೆಟ್ಟದಾಗಿದೆ ಅಂತಲಾ? ಇಲ್ಲಾ ನಿಮಗೆ ಇಷ್ಟವಾಗಲಿಲ್ಲ, ಅಷ್ಟೇನಾ? ಮೂರನೆಯದಕ್ಕೆ ದೂರು ನಿಲ್ಲುವುದಿಲ್ಲ.

2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಜಾಹೀರಾತು ಬಂದಾಗ ಆಗಿದ್ದು ಇದೇ. ಇದು ಬೆಂಗಳೂರಿನ ಟೈಟನ್ ಕಂಪನಿಯ ಒಡವೆ ಬ್ರ್ಯಾಂಡ್. ಹಿಂದೂ ಸೊಸೆಗೆ ಮುಸ್ಲಿಂ ಅತ್ತೆ ಮನೆಯಲ್ಲಿ ಸೀಮಂತ ಮಾಡುವ ಕಥೆ. ದೇಶದ ಉದ್ದಗಲಕ್ಕೂ ಗದ್ದಲವಾಗಿ, ಸಿಬ್ಬಂದಿಯ ಸುರಕ್ಷತೆಯ ಕಾರಣವನ್ನೂ ಹೇಳಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಆದರೆ ಜಾಹೀರಾತು ಮಾನದಂಡ ಮಂಡಳಿಗೆ ಹೋದ ದೂರನ್ನು ಮಂಡಳಿ ಎತ್ತಿಹಿಡಿಯಲಿಲ್ಲ. ನಿಯಮದ ಉಲ್ಲಂಘನೆ ಕಾಣಲಿಲ್ಲ ಎಂದಿತು. ಗದ್ದಲಕ್ಕೆ ತೂಕ ಇರಬಹುದು, ಅದು ನಿಯಮದ ತೂಕ ಅಲ್ಲ. ಅದರ ಹಿಂದಿನ ವರ್ಷ ಸರ್ಫ್ ಎಕ್ಸೆಲ್‌ನ ಹೋಳಿ ಜಾಹೀರಾತಿನ ಮೇಲೆ ಸಿಟ್ಟಾದ ಕೆಲವರು ಮೈಕ್ರೋಸಾಫ್ಟ್ ಎಕ್ಸೆಲ್ ಆ್ಯಪ್‌ಗೆ ಹೋಗಿ ಒಂದು ಸ್ಟಾರ್ ಕೊಟ್ಟು ಬಂದಿದ್ದರು. ಸಿಟ್ಟು ಬಂದಾಗ ಕನಿಷ್ಠ ಹೆಸರಾದರೂ ಪೂರ್ತಿ ಓದಿ.

ಮೇಲೆ ಹೇಳಿದ ಮಂಡಳಿಯನ್ನು ಎಲ್ಲರೂ 'ಆಸ್ಕಿ' ಅನ್ನುತ್ತಾರೆ. 1985ರಲ್ಲಿ ಶುರುವಾದ, ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ. ಕೇಬಲ್ ಟಿವಿ ನಿಯಮದಲ್ಲಿ ಇದರ ಸಂಹಿತೆಯ ಉಲ್ಲೇಖ ಇರುವುದರಿಂದ ಟಿವಿ ಜಾಹೀರಾತಿನ ಮಟ್ಟಿಗೆ ಇದಕ್ಕೆ ಬಲವಿದೆ. ಇದರ ವೆಬ್‌ಸೈಟಿನಲ್ಲಿ ಸಾರ್ವಜನಿಕರು ಉಚಿತವಾಗಿ ದೂರು ಕೊಡಬಹುದು.

ಚಿತ್ರಣದ ದೂರಾದರೆ ಎರಡು ಆಧಾರ ನೆನಪಿಡಿ. ಒಂದು, ಕೇಬಲ್ ಟಿವಿ ನಿಯಮ 7. ಹೆಂಗಸರು ಮನೆಯಲ್ಲಿ, ಸಮಾಜದಲ್ಲಿ ಕೆಳಗಿನ ಸ್ಥಾನದಲ್ಲೇ ಇರಬೇಕು ಅನ್ನುವುದಕ್ಕೆ ಜಾಹೀರಾತು ಉತ್ತೇಜನ ಕೊಡಬಾರದು ಎಂದು ಅದರಲ್ಲಿದೆ. ಎರಡು, ಆಸ್ಕಿಯ 2022ರ ಲಿಂಗಾಧಾರಿತ ಪಡಿಯಚ್ಚುಗಳ ಮಾರ್ಗಸೂಚಿ. ಪಡಿಯಚ್ಚು ಅಂದರೆ 'ಹೆಂಗಸು ಅಂದ್ರೆ ಹಿಂಗೇ, ಗಂಡಸು ಅಂದ್ರೆ ಹಂಗೇ' ಅನ್ನುವ ಅಚ್ಚು. ಇದನ್ನು ಸರಿಯಾಗಿ ಓದಿ. ಹೆಂಗಸು ಮನೆ ಒರೆಸುವುದನ್ನು ತೋರಿಸೋದು ತಪ್ಪಲ್ಲ. ಅದು ಹೆಂಗಸು ಮಾತ್ರ ಮಾಡುವ ಕೆಲಸ ಅಂತ ಸೂಚಿಸೋದು ತಪ್ಪು. ಗಂಡಸು ಅನ್ನುವ ಕಾರಣಕ್ಕೇ ಮಗುವಿಗೆ ಡೈಪರ್ ಹಾಕಲು ಬರುವುದಿಲ್ಲ ಅಂತ ತೋರಿಸೋದೂ ತಪ್ಪೇ. ಬಹಳಷ್ಟು ದೂರುಗಳು ಎಡವೋದು ಇಲ್ಲೇ.

ಸುಳ್ಳು ಹೇಳಿಕೆಯ ದೂರಾದರೆ ದಾರಿ ಇನ್ನೂ ಸಲೀಸು. ತೆರೆಯ ಕೆಳಗೆ ಇರುವೆ ಸಾಲಿನಂತೆ ಓಡುವ ಸಣ್ಣ ಅಕ್ಷರಗಳಿಗೆ ಡಿಸ್‌ಕ್ಲೈಮರ್ ಅನ್ನುತ್ತಾರೆ. ಮೇಲೆ ಹೇಳಿದ ದೊಡ್ಡ ಮಾತಿಗೆ ಕೆಳಗೆ ಹಾಕುವ ಷರತ್ತು ಅದು. ಅಲ್ಲಿ ವಿಡಿಯೋ ನಿಲ್ಲಿಸಿ ಓದಿ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ತಂದ 2022ರ ಮಾರ್ಗಸೂಚಿ ಪ್ರಕಾರ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಡಿಸ್‌ಕ್ಲೈಮರ್ ಕೂಡ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ 'ಮಗು ಚುರುಕಾಗುತ್ತೆ' ಅಂದು, ಷರತ್ತನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಚಿಪ್ಸ್, ಸೋಡಾದಂಥ ಜಂಕ್ ತಿನಿಸಿನ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮದ ನಡುವೆ, ಮಕ್ಕಳ ವಾಹಿನಿಯಲ್ಲಿ ಹಾಕುವಂತಿಲ್ಲ ಅಂತಲೂ ಅದರಲ್ಲೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ದೂರಿನಲ್ಲಿ ವಸ್ತುವಿನ ಹೆಸರು, ವಾಹಿನಿ, ದಿನಾಂಕ, ಸಮಯ, ಭಾಷೆ ಇರಲಿ. ಆಮೇಲೆ ನಿಮ್ಮ ಎಡ ಕಾಲಂನಿಂದ ಬರೆಯಿರಿ, ಬಲ ಕಾಲಂನಿಂದ ಅಲ್ಲ. 'ನಮ್ಮ ಸಂಸ್ಕೃತಿಗೆ ಅವಮಾನ' ಅಂತ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. 'ಗಂಡ ಮತ್ತು ಇಬ್ಬರು ಮಕ್ಕಳು ಸೋಫಾ ಮೇಲೆ ಚೆಲ್ಲುತ್ತಾರೆ, ಹೆಂಡತಿ ಒಬ್ಬಳೇ ಒರೆಸುತ್ತಾಳೆ, ಕೊನೆಗೆ ಇದು ಅಮ್ಮಂದಿರ ಕೆಲಸ ಎಂಬ ಮಾತು ಬರುತ್ತದೆ' ಅಂತ ಬರೆದರೆ ಮಾರ್ಗಸೂಚಿಯ ಪಕ್ಕ ಇಟ್ಟು ನೋಡಬಹುದು.

ದೂರಿನ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಜಾಹೀರಾತಿನ ವಿಡಿಯೋ ಕೂಡ ಮೊದಲೇ ಉಳಿಸಿಕೊಳ್ಳಿ. ಟಿವಿಯಲ್ಲಿ ಮೂವತ್ತು ಸೆಕೆಂಡಿನ ಜಾಹೀರಾತು ಕೆಲವು ವಾರಗಳಲ್ಲಿ ಹದಿನೈದಕ್ಕೆ, ಹತ್ತಕ್ಕೆ ಇಳಿದುಬಿಡುತ್ತದೆ. ನೀವು ಆಕ್ಷೇಪಿಸಿದ ಆ ಒಂದು ದೃಶ್ಯವೇ ಅಷ್ಟರಲ್ಲಿ ಕತ್ತರಿಗೆ ಸಿಕ್ಕಿರಬಹುದು.